ಮನೆಮಂದಿಯ ಗ್ರೂಪಿಗೆ ಬಂದ ಗಾಳಿಸುದ್ದಿಯನ್ನು ಪರಿಶೀಲಿಸಿ ತಿದ್ದುವುದು ಹೇಗೆ

ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವೊಂದನ್ನು ಎತ್ತಿಕೊಂಡು ಪರಾರಿಯಾಗುವ ವಿಡಿಯೊವೊಂದು 2018ರ ಬೇಸಿಗೆಯಲ್ಲಿ ದೇಶದ ಉದ್ದಗಲಕ್ಕೂ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾಗುವ ಮಕ್ಕಳ ಬಗ್ಗೆ ಜಾಗೃತಿ ಮೂಡಿಸಲು ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಾಡಿಸಿದ್ದ ಕಿರುಚಿತ್ರ. ಮೂಲ ಚಿತ್ರದಲ್ಲಿ ಅದೇ ಸವಾರರು ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ. ಕರಾಚಿಯ ಬೀದಿಯಿಂದ ಮಗುವೊಂದನ್ನು ಕದಿಯಲು ಕ್ಷಣ ಸಾಕು ಎಂಬ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ತುಣುಕಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಭಾಷೆಯ ಎಚ್ಚರಿಕೆಯ ಮಾತು ಸೇರಿಕೊಂಡಿತು, ಊರಿನ ಹೆಸರು ಮಾತ್ರ ಬದಲಾಗುತ್ತಾ ಹೋಯಿತು.

ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಆ ವರ್ಷದ ಗಾಳಿಸುದ್ದಿಗೆ ಕರ್ನಾಟಕ ಜೀವಗಳನ್ನೇ ತೆತ್ತಿದೆ. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಮೆಗಾಗಿ ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿದ ಗುಂಪು ಕಟ್ಟಿ ಎಳೆದಾಡಿ ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಸುತ್ತಾಟಕ್ಕೆ ಬಂದಿದ್ದ ಗೆಳೆಯರು ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಅವರು ಕಾರು ಹತ್ತಿ ಅಲ್ಲಿಂದ ತಪ್ಪಿಸಿಕೊಂಡರೂ, ವಾಟ್ಸ್‌ಆ್ಯಪ್ ಸಂದೇಶ ಅವರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ರಸ್ತೆಗೆ ಅಡ್ಡಗಟ್ಟಿ ಕಾದಿದ್ದ ಜನರ ಹೊಡೆತಕ್ಕೆ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು, ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು.

ಇಂಥ ಸಂದೇಶವನ್ನು ಮುಂದಕ್ಕೆ ಕಳುಹಿಸುವವರಲ್ಲಿ ಹೆಚ್ಚಿನವರು ಕೇಡಿಗರಲ್ಲ. ಮನೆಯಲ್ಲಿ ಮಕ್ಕಳಿರುವವರು, ನಾಲ್ಕು ಜನಕ್ಕೆ ತಿಳಿದಿದ್ದರೆ ಒಳ್ಳೆಯದು ಎಂದುಕೊಂಡವರು. ಸುಳ್ಳಿಗೆ ಬಲ ಬರುವುದೂ ಅಲ್ಲಿಂದಲೇ. ಅಪರಿಚಿತನ ಮಾತನ್ನು ಅನುಮಾನಿಸುವ ನಾವು ಅತ್ತೆಯೋ ಚಿಕ್ಕಪ್ಪನೋ ಕಳುಹಿಸಿದ್ದನ್ನು ಅನುಮಾನಿಸಲು ಹಿಂಜರಿಯುತ್ತೇವೆ. ಇನ್ನೊಂದು ತೊಡಕೂ ಇದೆ. ಫೇಸ್‌ಬುಕ್ಕಿನಲ್ಲೋ ಎಕ್ಸ್‌ನಲ್ಲೋ ಎಲ್ಲರಿಗೂ ಕಾಣುವಂತೆ ಹಾಕಿದ ಸುಳ್ಳನ್ನು ಪತ್ರಕರ್ತರು, ಪೊಲೀಸರು, ಓದುಗರು ಗಮನಿಸಿ ಅದರ ಕೆಳಗೇ ತಿದ್ದುಪಡಿ ಬರೆಯಬಹುದು. ವಾಟ್ಸ್‌ಆ್ಯಪ್ ಸಂದೇಶಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಕಳುಹಿಸಿದವರು ಮತ್ತು ಪಡೆದವರು ಬಿಟ್ಟರೆ ಬೇರೆ ಯಾರಿಗೂ, ಆ ಕಂಪನಿಗೂ, ಅವುಗಳಲ್ಲಿ ಏನಿದೆಯೆಂದು ಕಾಣುವುದಿಲ್ಲ. ಖಾಸಗಿತನದ ದೃಷ್ಟಿಯಿಂದ ಇದು ಬೇಕಾದದ್ದೇ. ಆದರೆ ಇದರ ಇನ್ನೊಂದು ಮುಖವೆಂದರೆ, ಮನೆಯ ಗ್ರೂಪಿನೊಳಗೆ ಬಂದ ಸುಳ್ಳನ್ನು ಆ ಗ್ರೂಪಿನೊಳಗೆ ಇರುವವರಲ್ಲದೆ ಇನ್ನಾರೂ ತಿದ್ದಲಾರರು. ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆನ್ನುವವರಿಗಾಗಿ, ಅವರು ಅಡ್ಮಿನ್ ಆಗಿರಲಿ ಸಾಮಾನ್ಯ ಸದಸ್ಯರಾಗಿರಲಿ, ಪರಿಶೀಲನೆಯ ಮತ್ತು ತಿದ್ದುವಿಕೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಸಂದೇಶವನ್ನು ಪೂರ್ತಿ ಓದಿ

ಸಂದೇಶದ ಮೇಲ್ತುದಿಯಲ್ಲಿರುವ ಬಾಣದ ಗುರುತಿನಿಂದ ಆರಂಭಿಸಬೇಕು. ಒಂಟಿ ಬಾಣವಿದ್ದರೆ ಅದು ಕಳುಹಿಸಿದವರ ಸ್ವಂತ ಬರಹವಲ್ಲ, ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದು ಎಂದರ್ಥ. ಜೋಡಿ ಬಾಣವಿದ್ದರೆ ಅದು ಮೂಲ ಬರಹಗಾರನಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ. ಒಂಟಿ ಬಾಣದ ಗುರುತು 2018ರ ಜುಲೈಯಲ್ಲಿ ಬಂತು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡಲಾಗದಂತೆ ಮಿತಿ ಹೇರಲಾಯಿತು. ಜೋಡಿ ಬಾಣದ ಸಂದೇಶಗಳನ್ನು 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಕಡೆಗೆ ಕಳುಹಿಸಲು ಸಾಧ್ಯ. ಆ ಬದಲಾವಣೆಯ ನಂತರ ಅತಿಯಾಗಿ ಫಾರ್ವರ್ಡ್ ಆಗುವ ಸಂದೇಶಗಳು ಶೇ 70ರಷ್ಟು ಕಡಿಮೆಯಾದವೆಂದು ಕಂಪನಿಯೇ ಹೇಳಿಕೊಂಡಿದೆ. ಆದರೆ ಬಾಣವಿಲ್ಲದ ಮಾತ್ರಕ್ಕೆ ಸಂದೇಶ ಸಾಚಾ ಎಂದು ತಿಳಿಯಬಾರದು. ಬರಹವನ್ನು ನಕಲು ಮಾಡಿ ಅಂಟಿಸಿದರೆ, ವಿಡಿಯೊವನ್ನು ಫೋನಿನಲ್ಲಿ ಉಳಿಸಿಕೊಂಡು ಹೊಸದಾಗಿ ಹಾಕಿದರೆ ಗುರುತು ಅಳಿಸಿಹೋಗುತ್ತದೆ.

ಅನಂತರ ಸಂದೇಶದಲ್ಲಿ ಏನು ಇಲ್ಲ ಎಂಬುದನ್ನು ಹುಡುಕಬೇಕು. ನಿಜವಾದ ಸುದ್ದಿಗೆ ದಿನಾಂಕವಿರುತ್ತದೆ, ಸ್ಥಳವಿರುತ್ತದೆ, ಹೇಳಿದವರ ಹೆಸರೋ ಹುದ್ದೆಯೋ ಇರುತ್ತದೆ, ಅಪರಾಧದ ಸುದ್ದಿಯಾದರೆ ಯಾವ ಪೊಲೀಸ್ ಠಾಣೆಯ ವ್ಯಾಪ್ತಿ ಎಂಬುದಿರುತ್ತದೆ. ಗಾಳಿಸುದ್ದಿಯಲ್ಲಿ ‘ನಿನ್ನೆ ರಾತ್ರಿ’, ‘ಪಕ್ಕದ ತಾಲ್ಲೂಕಿನಲ್ಲಿ’, ‘ನಮ್ಮ ಪರಿಚಯದ ಪೊಲೀಸರೇ ಹೇಳಿದ್ದು’ ಎಂಬ ಮಾತುಗಳು ಆ ಜಾಗವನ್ನು ತುಂಬಿರುತ್ತವೆ. ‘ನಿನ್ನೆ ರಾತ್ರಿ’ ಎಂಬ ಪದದ ಗುಣವೆಂದರೆ ಅದು ಎಂದಿಗೂ ಹಳತಾಗುವುದಿಲ್ಲ. ಮೂರು ವರ್ಷದ ಹಿಂದಿನ ಸಂದೇಶವನ್ನು ಈ ಹೊತ್ತು ಓದಿದರೂ ಅದು ನಿನ್ನೆ ರಾತ್ರಿಯದೇ ಆಗಿರುತ್ತದೆ. ‘ಟಿವಿಯವರು ಇದನ್ನು ತೋರಿಸುವುದಿಲ್ಲ’ ಎಂಬ ಸಾಲು ಕಂಡರಂತೂ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಪರಿಶೀಲಿಸಲು ಹೊರಟವನಿಗೆ ಯಾವ ವರದಿಯೂ ಸಿಗದಿದ್ದಾಗ ಆ ಕೊರತೆಯನ್ನೇ ಸಾಕ್ಷ್ಯವೆಂದು ನಂಬಿಸುವ ಏರ್ಪಾಡು ಅದು.

ಓದುವಾಗ ನಮ್ಮೊಳಗೆ ಏನಾಯಿತೆಂಬುದನ್ನೂ ಗಮನಿಸಬೇಕು. ಅಮೆರಿಕದ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳ ಜಾಡನ್ನು ಪರಿಶೀಲಿಸಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಳ್ಳು ಸುದ್ದಿಯನ್ನು ಜನ ಮರುಹಂಚುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚು. ನಿಜವು 1,500 ಜನರನ್ನು ತಲುಪಲು ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ತೆಗೆದುಕೊಂಡಿತ್ತು. ಯಂತ್ರಚಾಲಿತ ಖಾತೆಗಳನ್ನು ಲೆಕ್ಕದಿಂದ ತೆಗೆದರೂ ಈ ಅಂತರ ಉಳಿಯಿತು, ಅಂದರೆ ಹರಡಿದವರು ಮನುಷ್ಯರೇ. ಸುಳ್ಳು ಸುದ್ದಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಅಚ್ಚರಿ, ಭಯ, ಅಸಹ್ಯಗಳು ಎದ್ದು ಕಂಡವು. ಆದ್ದರಿಂದ ಸಂದೇಶ ಓದಿದ ಕೂಡಲೇ ಹೊಟ್ಟೆ ತೊಳಸಿದಂತಾದರೆ, ಮೈ ಉರಿದರೆ, ಕೈ ತಾನಾಗಿ ಫಾರ್ವರ್ಡ್ ಗುಂಡಿಯತ್ತ ಹೋದರೆ, ಪರಿಶೀಲನೆ ಬೇಕಿರುವುದು ಆ ಸಂದೇಶಕ್ಕೇ.

ಚಿತ್ರ ಮತ್ತು ವಿಡಿಯೊ

ಗ್ರೂಪುಗಳಲ್ಲಿ ಓಡಾಡುವ ಸುಳ್ಳುಚಿತ್ರಗಳಲ್ಲಿ ಬಹುಪಾಲು ತಿದ್ದಿದ ಚಿತ್ರಗಳಲ್ಲ. ನಿಜವಾದ ಚಿತ್ರಕ್ಕೆ ಬೇರೆ ಊರಿನ, ಬೇರೆ ಕಾಲದ ಅಡಿಬರಹ ಹಾಕಿದವು. ಇದಕ್ಕೆ ಹಳೆಯ ಉದಾಹರಣೆಯೊಂದು ಕರ್ನಾಟಕಕ್ಕೇ ಸಂಬಂಧಿಸಿದೆ. 2012ರಲ್ಲಿ ಅಸ್ಸಾಮಿನ ಕೊಕ್ರಜಾರ್ ಭಾಗದಲ್ಲಿ ಹಿಂಸಾಚಾರ ನಡೆದಾಗ, ಮ್ಯಾನ್ಮಾರಿನ ಮುಸ್ಲಿಮರ ಹತ್ಯಾಕಾಂಡದ್ದೆಂದು ಹಲವು ಚಿತ್ರಗಳು ಹರಿದಾಡಿದವು. ಅವುಗಳಲ್ಲೊಂದರಲ್ಲಿ ಕಾವಿ ಬಟ್ಟೆಯ ಭಿಕ್ಷುಗಳು ಶವಗಳ ಸಾಲಿನ ನಡುವೆ ನಿಂತಿದ್ದರು. ಅದು 2010ರಲ್ಲಿ ಚೀನಾದ ಯುಶು ಪ್ರದೇಶದಲ್ಲಿ ಭೂಕಂಪವಾದಾಗ ಟಿಬೆಟನ್ ಭಿಕ್ಷುಗಳು ಸತ್ತವರ ಅಂತ್ಯಕ್ರಿಯೆಗೆ ನೆರವಾಗುತ್ತಿದ್ದ ಚಿತ್ರ. ಇಂಥ ಚಿತ್ರಗಳೂ, ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುವೆವೆಂಬ ಬೆದರಿಕೆಯ ಎಸ್‌ಎಂಎಸ್‌ಗಳೂ ಬೆರೆತು ಹುಟ್ಟಿಸಿದ ಭೀತಿಯಲ್ಲಿ, ಆ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಆ ಚಿತ್ರಗಳನ್ನು ಯಾರೂ ಕುಸುರಿ ಮಾಡಿ ತಿದ್ದಬೇಕಾಗಿರಲಿಲ್ಲ, ಅಡಿಬರಹ ಬದಲಿಸಿದ್ದಷ್ಟೇ ಸಾಕಾಗಿತ್ತು.

ಆದ್ದರಿಂದ ಚಿತ್ರ ಬಂದಾಗ ಕೇಳಬೇಕಾದ ಪ್ರಶ್ನೆ ‘ಇದು ನಿಜವೇ?’ ಎಂಬುದಕ್ಕಿಂತ ‘ಇದು ಮೊದಲು ಕಾಣಿಸಿಕೊಂಡದ್ದು ಯಾವಾಗ, ಎಲ್ಲಿ?’ ಎಂಬುದು. ಇದಕ್ಕೆ ಚಿತ್ರವನ್ನೇ ಕೊಟ್ಟು ಹುಡುಕುವ ವಿಧಾನವಿದೆ. ಆಂಡ್ರಾಯ್ಡ್ ಫೋನಿನಲ್ಲಿ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು, ಅದರ ಸುತ್ತಲಿನ ಚಾಟ್ ಭಾಗವನ್ನೂ ಮೇಲೆ ಅಂಟಿಸಿರುವ ಅಕ್ಷರಗಳನ್ನೂ ಕತ್ತರಿಸಿ, ಗೂಗಲ್ ಆ್ಯಪ್‌ನಲ್ಲಿರುವ ಲೆನ್ಸ್ ಮೂಲಕ ತೆರೆದರೆ ಅದೇ ಚಿತ್ರ ಅಥವಾ ಅದನ್ನು ಹೋಲುವ ಚಿತ್ರಗಳು ಎಲ್ಲೆಲ್ಲಿ ಪ್ರಕಟವಾಗಿವೆ ಎಂಬುದು ಕಾಣುತ್ತದೆ. ಟಿನ್‌ಐ ಎಂಬ ಜಾಲತಾಣದಲ್ಲಿ ಫಲಿತಾಂಶಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ನೋಡುವ ಅನುಕೂಲವಿದೆ. ಚಿತ್ರದ ವಯಸ್ಸು ತಿಳಿಯಲು ಇದು ಲೆನ್ಸ್‌ಗಿಂತ ಒಳ್ಳೆಯದು. ‘ನಿನ್ನೆಯ ಘಟನೆ’ ಎಂದು ಬಂದ ಚಿತ್ರ ಐದು ವರ್ಷದ ಹಿಂದಿನ ಸುದ್ದಿತಾಣವೊಂದರಲ್ಲಿ ಸಿಕ್ಕರೆ ಅಲ್ಲಿಗೆ ಕೆಲಸ ಮುಗಿಯಿತು.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಫೋನಿನ ಗ್ಯಾಲರಿಯಲ್ಲಿ ಚಿತ್ರದ ವಿವರ ತೆರೆದು ಅಲ್ಲಿ ತೋರುವ ದಿನಾಂಕವನ್ನೇ ಚಿತ್ರ ತೆಗೆದ ದಿನಾಂಕವೆಂದು ಭಾವಿಸುತ್ತಾರೆ. ಸಾಮಾನ್ಯ ರೀತಿಯಲ್ಲಿ ಚಿತ್ರವೊಂದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಾಗ ಕ್ಯಾಮೆರಾ ಬರೆದಿಟ್ಟಿದ್ದ ಸಮಯ, ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಅಲ್ಲಿ ಕಾಣುವುದು ನಮ್ಮ ಫೋನಿಗೆ ಅದು ಇಳಿದ ದಿನಾಂಕ ಮಾತ್ರ.

ವಿಡಿಯೊವನ್ನು ನೇರವಾಗಿ ಹೀಗೆ ಹುಡುಕಲು ಬರುವುದಿಲ್ಲ. ಅದನ್ನು ಮೂರು ನಾಲ್ಕು ಕಡೆ ನಿಲ್ಲಿಸಿ, ಮುಖಗಳಿಗಿಂತ ಹೆಚ್ಚಾಗಿ ಕಟ್ಟಡ, ಅಂಗಡಿಯ ಬೋರ್ಡು, ವಾಹನ ಇವು ಸ್ಪಷ್ಟವಾಗಿ ಕಾಣುವ ಗಳಿಗೆಗಳ ಸ್ಕ್ರೀನ್‌ಶಾಟ್ ತೆಗೆದು ಒಂದೊಂದನ್ನೂ ಹುಡುಕಬೇಕು. ಆಮೇಲೆ ಶಬ್ದವಿಲ್ಲದೆ ಒಮ್ಮೆ, ಶಬ್ದವಿಟ್ಟು ಒಮ್ಮೆ ನೋಡಬೇಕು. ಶಬ್ದವಿಲ್ಲದಾಗ ನೋಡಬೇಕಾದದ್ದು ಬೋರ್ಡುಗಳ ಲಿಪಿ, ವಾಹನದ ನಂಬರ್ ಪ್ಲೇಟು, ಪೊಲೀಸರ ಸಮವಸ್ತ್ರ, ಗಿಡಮರ, ಜನರ ಉಡುಪು. ಚಾಮರಾಜನಗರದ್ದೆಂದು ಹೇಳಲಾದ ಬೀದಿಯಲ್ಲಿ ಒಂದೇ ಒಂದು ಕನ್ನಡದ ಬೋರ್ಡಾಗಲಿ, ಕೆಎ ಎಂದು ಆರಂಭವಾಗುವ ಒಂದು ವಾಹನವಾಗಲಿ ಇಲ್ಲದಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು. ಆದರೆ ವಾಹನಗಳು ರಸ್ತೆಯ ಎಡಗಡೆ ಓಡುತ್ತಿವೆ ಎಂಬುದರಿಂದ ಏನೂ ತೀರ್ಮಾನಿಸಲಾಗದು. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾಗಳಲ್ಲೂ ಅದೇ ನಿಯಮ. ಶಬ್ದವಿಟ್ಟು ನೋಡುವಾಗ ಹಿನ್ನೆಲೆಯಲ್ಲಿ ಜನ ಆಡುವ ಭಾಷೆಗೂ, ಅದರ ಮೇಲೆ ಕನ್ನಡದಲ್ಲಿ ವಿವರಿಸುತ್ತಿರುವ ದನಿಗೂ ಸಂಬಂಧವಿದೆಯೇ ಎಂದು ಕಿವಿಗೊಡಬೇಕು. ವಿಡಿಯೊ ಇದ್ದಕ್ಕಿದ್ದಂತೆ ತುಂಡಾಗಿ ನಿಂತರೆ ಮುಂದೇನಿತ್ತು ಎಂದು ಕೇಳಿಕೊಳ್ಳಬೇಕು. ಕರಾಚಿಯ ಕಿರುಚಿತ್ರದ ನಿಜ ಇದ್ದದ್ದು ಕತ್ತರಿಸಿದ ಭಾಗದಲ್ಲೇ.

ದನಿ, ಕೃತಕ ವಿಡಿಯೊ, ಲಿಂಕು

ಧ್ವನಿಸಂದೇಶಗಳನ್ನು ಪರಿಶೀಲಿಸುವುದು ಎಲ್ಲಕ್ಕಿಂತ ಕಷ್ಟ. ‘ನಾನು ದೊಡ್ಡ ಆಸ್ಪತ್ರೆಯೊಂದರ ಡಾಕ್ಟರ್ ಮಾತಾಡ್ತಿದ್ದೀನಿ’ ಎಂದು ಆರಂಭವಾಗಿ, ನಡುನಡುವೆ ಗದ್ಗದಿತವಾಗುವ ದನಿಯನ್ನು ಹುಡುಕಲು ಯಾವ ಲೆನ್ಸೂ ಇಲ್ಲ. ಇಲ್ಲಿ ಮಾಡಬಹುದಾದದ್ದು ಒಂದೇ: ದನಿ ಹೇಳುವ ಮುಖ್ಯ ಸಂಗತಿಯನ್ನು ನಾಲ್ಕೈದು ಪದಗಳಾಗಿ ಬರೆದುಕೊಂಡು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅದನ್ನು ಹುಡುಕುವುದು. ಮಾತಾಡುವವರು ತಮ್ಮ ಪೂರ್ತಿ ಹೆಸರನ್ನೂ ಕೆಲಸದ ಸ್ಥಳವನ್ನೂ ಹೇಳದಿದ್ದರೆ, ಅದು ನಿಜವಾಗಿರುವ ಸಾಧ್ಯತೆ ಇದ್ದರೂ, ಮುಂದಕ್ಕೆ ಕಳುಹಿಸಲು ಯೋಗ್ಯವಲ್ಲವೆಂದು ಬದಿಗಿಡುವುದೇ ಸರಿ.

ಗಣ್ಯರ ಮುಖ ಮತ್ತು ದನಿಯನ್ನು ಕೃತಕವಾಗಿ ಸೃಷ್ಟಿಸಿದ ಡೀಪ್‌ಫೇಕ್ ವಿಡಿಯೊಗಳು ಈಗ ಹೆಚ್ಚಾಗಿ ಕಾಣುವುದು ಹಣ ಹೂಡಿಕೆಯ ಆಮಿಷಗಳಲ್ಲಿ. ತಾವು ಯಾವುದೋ ಷೇರು ವಹಿವಾಟಿನ ಆ್ಯಪ್ ಅನ್ನು ಶಿಫಾರಸು ಮಾಡಿದಂತೆ ತೋರಿಸುವ ನಕಲಿ ವಿಡಿಯೊಗಳನ್ನು ನಂಬಬೇಡಿ ಎಂದು ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರೇ 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ತುಟಿಯ ಚಲನೆ ಮಾತಿಗೆ ಹೊಂದುತ್ತಿಲ್ಲವೇ, ಕಣ್ಣೆವೆ ಸಹಜವಾಗಿ ಬಡಿಯುತ್ತಿದೆಯೇ ಎಂದು ಪರೀಕ್ಷಿಸುವ ಸಲಹೆಗಳು ಎಲ್ಲೆಡೆ ಸಿಗುತ್ತವೆ. ನನ್ನ ಅಭಿಪ್ರಾಯದಲ್ಲಿ ಅವುಗಳನ್ನು ನೆಚ್ಚಿಕೊಳ್ಳಬಾರದು, ತಂತ್ರಜ್ಞಾನ ಆ ಕುಂದುಗಳನ್ನು ಒಂದೊಂದಾಗಿ ಸರಿಪಡಿಸಿಕೊಳ್ಳುತ್ತಿದೆ. ಅದಕ್ಕಿಂತ ಆ ವ್ಯಕ್ತಿ ಅದೇ ಮಾತನ್ನು ಬೇರೆಲ್ಲಾದರೂ, ತಮ್ಮ ಅಧಿಕೃತ ಖಾತೆಯಲ್ಲೋ ಪತ್ರಿಕೆಯಲ್ಲೋ, ಹೇಳಿದ್ದಾರೆಯೇ ಎಂದು ಹುಡುಕುವುದು ಹೆಚ್ಚು ಗಟ್ಟಿಯಾದ ದಾರಿ.

ಲಿಂಕುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮದುವೆಯ ಆಮಂತ್ರಣ, ಸಂಚಾರ ದಂಡದ ಚಲನ್ ಅಥವಾ ಸರ್ಕಾರಿ ಯೋಜನೆಯ ಅರ್ಜಿ ಎಂಬ ಹೆಸರಿನಲ್ಲಿ ಬರುವ, ಕೊನೆಗೆ ಎಪಿಕೆ ಎಂಬ ಅಕ್ಷರಗಳಿರುವ ಕಡತವನ್ನು ತೆರೆಯಲೇಬಾರದು. ಅದು ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ, ಫೋನಿನೊಳಗೆ ನೆಲೆಸುವ ಆ್ಯಪ್. ತೆರೆದು ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಕೈ ಬದಲಾಯಿಸುವ ಮುನ್ನ ಅದನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಯಾರನ್ನು ಕೇಳಬೇಕು

ಕೇಂದ್ರ ಸರ್ಕಾರದ ಯೋಜನೆ, ನೇಮಕಾತಿ, ನೋಟು, ರಜೆ ಮೊದಲಾದ ವಿಷಯಗಳಿಗೆ 2019ರಲ್ಲಿ ಆರಂಭವಾದ, ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯ (ಪಿಐಬಿ) ಫ್ಯಾಕ್ಟ್‌ಚೆಕ್ ಘಟಕವಿದೆ. ಅದು ಸರ್ಕಾರದ್ದೇ ಅಂಗವಾದ್ದರಿಂದ ಆದೇಶವೊಂದು ಹೊರಬಿದ್ದಿದೆಯೇ ಇಲ್ಲವೇ ಎಂದು ತಿಳಿಯಲು ಉಪಯುಕ್ತ. ಸರ್ಕಾರದ ಮೇಲಿನ ಟೀಕೆ ಸರಿಯೇ ತಪ್ಪೇ ಎಂಬುದಕ್ಕೆ ಅದನ್ನೇ ಕೊನೆಯ ಮಾತೆಂದು ಇಟ್ಟುಕೊಳ್ಳಬೇಕಾಗಿಲ್ಲ. ಕನ್ನಡದಲ್ಲಿ ಪ್ರಜಾವಾಣಿಯ ಫ್ಯಾಕ್ಟ್‌ಚೆಕ್ ಅಂಕಣ, ನ್ಯೂಸ್‌ಚೆಕರ್‌ನ ಕನ್ನಡ ಆವೃತ್ತಿ ಇವು ಹರಿದಾಡುವ ಸುದ್ದಿಗಳನ್ನು ನಿಯಮಿತವಾಗಿ ಪರಿಶೀಲಿಸುತ್ತವೆ. ಇಂಗ್ಲಿಷ್, ಹಿಂದಿ ಓದಬಲ್ಲವರಿಗೆ ಆಲ್ಟ್ ನ್ಯೂಸ್, ಬೂಮ್ ಇವೆ. ಸಂದೇಶದ ನಾಲ್ಕು ಮುಖ್ಯ ಪದಗಳ ಜೊತೆಗೆ ‘ಫ್ಯಾಕ್ಟ್‌ಚೆಕ್’ ಎಂದು ಸೇರಿಸಿ ಹುಡುಕಿದರೆ ಅನೇಕ ವೇಳೆ ಉತ್ತರ ಆಗಲೇ ಬರೆದಿಟ್ಟಿರುತ್ತದೆ, ಏಕೆಂದರೆ ಹಳೆಯ ಸುಳ್ಳುಗಳೇ ಹಬ್ಬಕ್ಕೊಮ್ಮೆ, ಚುನಾವಣೆಗೊಮ್ಮೆ ಹೊಸ ಬಟ್ಟೆ ತೊಟ್ಟು ಬರುತ್ತಿರುತ್ತವೆ.

ಆದರೆ ನಮ್ಮ ತಾಲ್ಲೂಕಿನ, ನಮ್ಮ ಬಡಾವಣೆಯ ಸುದ್ದಿಯನ್ನು ಈ ಯಾವ ತಾಣವೂ ಆ ದಿನವೇ ಪರಿಶೀಲಿಸಿರುವುದಿಲ್ಲ. ಸ್ಥಳೀಯ ವದಂತಿಗೆ ಸ್ಥಳೀಯವಾಗಿಯೇ ಉತ್ತರ ಹುಡುಕಬೇಕು. ಠಾಣೆಗೆ ಫೋನ್ ಮಾಡುವುದಕ್ಕೆ ಹಿಂಜರಿಯುವವರು ಬಹಳ. ಹಾಗೆ ಕೇಳಿದರೆ ತಾವೇ ಸಿಕ್ಕಿಬೀಳುತ್ತೇವೆಂಬ ಅಳುಕು. ‘ಇಂಥ ಸಂದೇಶ ಓಡಾಡುತ್ತಿದೆ, ನಿಜವೇ?’ ಎಂದು ಕೇಳುವುದು ಅಪರಾಧವಲ್ಲ, ಪೊಲೀಸರಿಗೂ ಅದು ಬೇಕಾದ ಮಾಹಿತಿ. ಜಿಲ್ಲಾ ಪೊಲೀಸರ ಅಧಿಕೃತ ಎಕ್ಸ್ ಅಥವಾ ಫೇಸ್‌ಬುಕ್ ಖಾತೆ, ಆ ಊರಿನ ಶಾಲೆಯ ಮುಖ್ಯೋಪಾಧ್ಯಾಯರು, ಆಶಾ ಕಾರ್ಯಕರ್ತೆ, ಗ್ರಾಮ ಪಂಚಾಯಿತಿ ಸದಸ್ಯರು, ಪತ್ರಿಕೆಯ ಸ್ಥಳೀಯ ವರದಿಗಾರರು ಇವರಲ್ಲಿ ಇಬ್ಬರನ್ನು ಪ್ರತ್ಯೇಕವಾಗಿ ಕೇಳಬೇಕು. ಇಬ್ಬರೂ ‘ಗ್ರೂಪಿನಲ್ಲಿ ನೋಡಿದೆ’ ಎಂದರೆ ಅದು ಎರಡು ಸಾಕ್ಷಿಯಲ್ಲ. ಕಣ್ಣಾರೆ ಕಂಡವರು ಅಥವಾ ದಾಖಲೆಯಿದ್ದವರು ಸಿಗುವವರೆಗೆ ಸುದ್ದಿ ದೃಢವಾಗಿಲ್ಲವೆಂದೇ ಎಣಿಸಬೇಕು.

ಹಿರಿಯರ ಮುಖ ಕೆಡದಂತೆ ತಿದ್ದುವುದು

ಇಲ್ಲಿಯವರೆಗಿನದು ಸುಲಭದ ಭಾಗ. ಸುಳ್ಳೆಂದು ಗೊತ್ತಾದ ಮೇಲೂ ಬಹುಪಾಲು ಜನ ಸುಮ್ಮನಿರುತ್ತಾರೆ, ಏಕೆಂದರೆ ಕಳುಹಿಸಿದವರು ದೊಡ್ಡಪ್ಪ, ನಿವೃತ್ತ ಮೇಷ್ಟರು, ಅಥವಾ ಗಂಡನ ಮನೆಯ ಕಡೆಯ ಹಿರಿಯರು. ನಲವತ್ತು ಜನರೆದುರು ‘ಇದು ಫೇಕ್’ ಎಂಬ ಒಂದು ಪದ ಎಸೆದರೆ ಅವರಿಗೆ ಅವಮಾನವಾಗುತ್ತದೆ, ಮತ್ತು ಅವಮಾನವಾದವರು ಸುಳ್ಳನ್ನು ಬಿಡುವ ಬದಲು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಇನ್ನು ಮುಂದೆ ಅಂಥವರು ಸಂದೇಶವನ್ನು ಆ ಗ್ರೂಪಿಗೆ ಕಳುಹಿಸದೆ, ಎದುರು ಮಾತಾಡುವವರಿಲ್ಲದ ಇನ್ನೊಂದು ಗ್ರೂಪಿಗೆ ಕಳುಹಿಸುತ್ತಾರೆ, ಅಷ್ಟೇ.

ಹೀಗಾಗಿ ಸಾಮಾನ್ಯ ಸಂದರ್ಭದಲ್ಲಿ, ಅಂದರೆ ಆರೋಗ್ಯದ ಮನೆಮದ್ದು, ಹಳೆಯ ಚಿತ್ರ, ಇಲ್ಲದ ಯೋಜನೆ ಇಂಥವುಗಳಲ್ಲಿ, ಮೊದಲು ಕಳುಹಿಸಿದವರೊಂದಿಗೆ ಪ್ರತ್ಯೇಕವಾಗಿ ಮಾತಾಡಬೇಕು. ಬರೆಯುವುದಕ್ಕಿಂತ ಫೋನ್ ಮಾಡುವುದು ಮೇಲು, ಬರಹದಲ್ಲಿ ದನಿಯ ಮೆದುತನ ಕೇಳಿಸುವುದಿಲ್ಲ. ಬರೆಯುವುದೇ ಆದರೆ ಈ ಧಾಟಿಯಲ್ಲಿ ಬರೆಯಬಹುದು: ‘ದೊಡ್ಡಪ್ಪ, ನೀವು ಹಾಕಿದ ವಿಡಿಯೊ ನೋಡಿ ನನಗೂ ಗಾಬರಿ ಆಯ್ತು. ಎಲ್ಲಿಯದು ಅಂತ ಹುಡುಕಿದೆ, ಕರಾಚಿಯಲ್ಲಿ ಜಾಗೃತಿಗೆ ಅಂತ ಮಾಡಿದ ಸಿನಿಮಾ ಅಂತೆ. ಪೂರ್ತಿ ವಿಡಿಯೊದ ಲಿಂಕ್ ಕಳಿಸಿದ್ದೀನಿ, ಒಮ್ಮೆ ನೋಡಿ. ಗ್ರೂಪಿನಲ್ಲಿ ನೀವೇ ಒಂದು ಮಾತು ಹಾಕಿಬಿಡಿ, ನೀವು ಹೇಳಿದ್ರೆ ಎಲ್ರೂ ಕೇಳ್ತಾರೆ.’ ಕೊನೆಯ ವಾಕ್ಯ ಇಲ್ಲಿ ಮುಖ್ಯ. ತಿದ್ದುವ ಗೌರವವನ್ನು ಅವರಿಗೇ ಬಿಟ್ಟುಕೊಟ್ಟರೆ ಅವರ ಸ್ಥಾನ ಕೆಡುವುದಿಲ್ಲ, ಮತ್ತು ಅವರ ಮಾತನ್ನು ನಂಬಿ ಸುಳ್ಳನ್ನು ಒಪ್ಪಿದವರು ಅದೇ ಮಾತನ್ನು ನಂಬಿ ಅದನ್ನು ಕೈಬಿಡುತ್ತಾರೆ. 2012ರಲ್ಲಿ ಈಶಾನ್ಯದ ಜನ ಬೆಂಗಳೂರು ಬಿಡುತ್ತಿದ್ದಾಗ, ರಾಜ್ಯದ ಅಂದಿನ ಗೃಹ ಸಚಿವ ಆರ್. ಅಶೋಕ ಅವರು ರೈಲು ನಿಲ್ದಾಣಕ್ಕೇ ಹೋಗಿ ರಕ್ಷಣೆಯ ಭರವಸೆ ಕೊಟ್ಟರೂ ಜನ ರೈಲು ಹತ್ತುವುದು ನಿಲ್ಲಲಿಲ್ಲ. ಅತ್ತ ಊರಿನಿಂದ ತಂದೆತಾಯಿಗಳು ಫೋನ್ ಮಾಡಿ ಬಂದುಬಿಡು ಎನ್ನುತ್ತಿದ್ದರು. ಹೆದರಿದವರಿಗೆ ಅಧಿಕಾರಿಯ ಮಾತಿಗಿಂತ ತಮ್ಮವರ ಮಾತೇ ಕಿವಿಗೆ ಬೀಳುತ್ತದೆ.

ಹೊಡೆತ ಬಡಿತಕ್ಕೆ ಕಾರಣವಾಗಬಲ್ಲ ಸಂದೇಶಕ್ಕೆ ಈ ನಾಜೂಕು ಅನ್ವಯಿಸುವುದಿಲ್ಲ. ಯಾವುದೋ ವ್ಯಕ್ತಿಯ ಚಿತ್ರ, ವಾಹನದ ಸಂಖ್ಯೆ, ಒಂದು ಸಮುದಾಯದ ಹೆಸರು, ‘ಕಂಡಲ್ಲಿ ಹಿಡಿಯಿರಿ’ ಎಂಬ ಕರೆ ಇವುಗಳಲ್ಲಿ ಯಾವುದಿದ್ದರೂ, ಪರಿಶೀಲನೆ ಮುಗಿಯುವುದಕ್ಕೂ ಕಾಯದೆ ಗ್ರೂಪಿನಲ್ಲೇ ಕೂಡಲೇ ಬರೆಯಬೇಕು: ‘ಇದು ದೃಢಪಟ್ಟಿಲ್ಲ, ಯಾರೂ ಮುಂದಕ್ಕೆ ಕಳಿಸಬೇಡಿ, ಠಾಣೆಗೆ ವಿಚಾರಿಸುತ್ತಿದ್ದೇನೆ.’ ಮುರ್ಕಿಯಲ್ಲಿ ಸಂದೇಶಕ್ಕೂ ಸಾವಿಗೂ ನಡುವೆ ಇದ್ದದ್ದು ಕಾರೊಂದು ಊರಿಂದೂರಿಗೆ ಹೋಗುವಷ್ಟು ಹೊತ್ತು.

ತಿದ್ದುವ ಸಂದೇಶದ ರಚನೆಯಲ್ಲೂ ಎಚ್ಚರ ಬೇಕು. ನಿಜವನ್ನೇ ಮೊದಲ ಸಾಲಿನಲ್ಲಿ ಹೇಳಬೇಕು, ಸುಳ್ಳನ್ನು ಒಂದೇ ಬಾರಿ ಸೂಚಿಸಬೇಕು, ಅದು ಹೇಗೆ ಸುಳ್ಳೆಂದು ಗೊತ್ತಾಯಿತೆಂಬುದನ್ನು ಒಂದು ವಾಕ್ಯದಲ್ಲಿ ವಿವರಿಸಿ ಲಿಂಕು ಕೊಡಬೇಕು. ಸುಳ್ಳಿನ ಒಕ್ಕಣೆಯನ್ನು ಮತ್ತೆ ಮತ್ತೆ ಬರೆದರೆ, ಅರೆಬರೆ ಓದುವವರ ನೆನಪಿನಲ್ಲಿ ಉಳಿಯುವುದು ಅದೇ. ‘ಇದು ಸುಳ್ಳು’ ಎಂದು ಅಡಿಬರಹ ಹಾಕಿ ಮೂಲ ವಿಡಿಯೊವನ್ನೇ ಮತ್ತೊಮ್ಮೆ ಹಾಕುವುದಂತೂ ಕೂಡದು, ಮುಂದಿನವರು ಅಡಿಬರಹ ತೆಗೆದು ವಿಡಿಯೊವನ್ನು ಮಾತ್ರ ಕಳುಹಿಸುತ್ತಾರೆ. ತೋರಿಸಲೇಬೇಕಾದರೆ ಒಂದು ಸ್ಕ್ರೀನ್‌ಶಾಟ್ ತೆಗೆದು, ಅದರ ಅಡ್ಡಕ್ಕೆ ‘ಸುಳ್ಳು’ ಎಂದು ದಪ್ಪವಾಗಿ ಕೆಂಪಕ್ಷರದಲ್ಲಿ ಬರೆದು ಹಾಕಬಹುದು. ಸುಳ್ಳನ್ನು ಮೊದಲು ಕಳುಹಿಸಿದವರು ಈ ತಿದ್ದುಪಡಿಯನ್ನು ತಾವಾಗಿಯೇ ಉಳಿದ ಗ್ರೂಪುಗಳಿಗೂ ತಲುಪಿಸುವಂತೆ ಕೇಳಿಕೊಳ್ಳಬೇಕು. ಸುಳ್ಳು ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕಾದ್ದು ನ್ಯಾಯ, ಆ ದಾರಿ ಗೊತ್ತಿರುವುದು ಅವರಿಗೆ ಮಾತ್ರ. ಮಕ್ಕಳ ಮೈಮುಖ ಕಾಣುವ, ಅಪರಾಧಕ್ಕೆ ಗುರಿಯಾದವರ ಗುರುತು ಸಿಗುವ ಚಿತ್ರಗಳನ್ನು ತಿದ್ದುಪಡಿಯ ನೆಪದಲ್ಲೂ ಮರುಬಳಸಬಾರದು.

ವಿಷಯ ಪೂರ್ತಿ ಸುಳ್ಳಲ್ಲದ, ಅರ್ಧ ನಿಜವಾಗಿರುವ ಸಂದರ್ಭಗಳೇ ಹೆಚ್ಚು. ಆಗ ‘ಘಟನೆ ನಡೆದದ್ದು ನಿಜ, ಆದರೆ ಅದು 2019ರಲ್ಲಿ, ಬೇರೆ ರಾಜ್ಯದಲ್ಲಿ’ ಎಂದು ನಿಜದ ಪಾಲನ್ನು ಒಪ್ಪಿಕೊಂಡೇ ಮಾತಾಡಿದರೆ ವಾದ ಬೆಳೆಯುವುದಿಲ್ಲ.

ಅಡ್ಮಿನ್ ಆಗಿದ್ದರೆ

ಮನೆಯ ಗ್ರೂಪಾದರೂ ಅಪಾರ್ಟ್‌ಮೆಂಟಿನ ಗ್ರೂಪಾದರೂ ಅಡ್ಮಿನ್‌ಗೆ ಎರಡು ಉಪಕರಣಗಳಿವೆ. ಯಾವ ಸದಸ್ಯರ ಸಂದೇಶವನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸುವುದು ಒಂದು. ಸೆಟ್ಟಿಂಗ್ಸ್ ಬದಲಿಸಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕಬಹುದಾದಂತೆ ಗ್ರೂಪನ್ನು ತಾತ್ಕಾಲಿಕವಾಗಿ ಮುಚ್ಚುವುದು ಇನ್ನೊಂದು. ಎರಡನೆಯದನ್ನು ಗಲಭೆ, ವದಂತಿಗಳ ರಾತ್ರಿಗಳಿಗೆಂದು ಕಾದಿಡಬೇಕು. ಸಾಮಾನ್ಯ ದಿನಗಳಲ್ಲೂ ಬಾಯಿ ಮುಚ್ಚಿಸಿದರೆ ಮಾತು ಬೇರೆ ಗ್ರೂಪಿಗೆ ಜಾರುತ್ತದೆ, ಅಲ್ಲಿ ತಿದ್ದುವವರು ಇರುತ್ತಾರೆಂಬ ಖಾತರಿಯಿಲ್ಲ. ಸಂದೇಶ ಹಾಕಿದವರು ತಾವೇ ಅಳಿಸುವುದಾದರೆ ಎಲ್ಲರಿಗೂ ಅಳಿಸುವ ಅವಕಾಶ ಸುಮಾರು ಎರಡೂವರೆ ದಿನದವರೆಗೆ ಇರುತ್ತದೆ.

ಕಾನೂನಿನ ಬಗ್ಗೆ ಭಯವೂ ತಪ್ಪುಕಲ್ಪನೆಯೂ ಸಮಪ್ರಮಾಣದಲ್ಲಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್, ಜನರಲ್ಲಿ ಭೀತಿ ಹುಟ್ಟಿಸುವ ಅಥವಾ ಸಮುದಾಯಗಳ ನಡುವೆ ದ್ವೇಷ ಬೆಳೆಸುವ ಸುಳ್ಳು ಮಾಹಿತಿ, ವದಂತಿಗಳನ್ನು ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕ ಹರಡುವುದನ್ನೂ ಅಪರಾಧವೆಂದು ಪರಿಗಣಿಸಿ ಮೂರು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ನಿಜವೆಂದು ನಂಬಲು ಸಕಾರಣವಿದ್ದು, ದುರುದ್ದೇಶವಿಲ್ಲದೆ ಹೇಳಿದವರಿಗೆ ಅದೇ ಸೆಕ್ಷನ್ ವಿನಾಯಿತಿಯನ್ನೂ ಕೊಡುತ್ತದೆ. ಕಳುಹಿಸುವ ಮುನ್ನ ಪರಿಶೀಲಿಸಿದ್ದೆವೆಂಬುದು ಇಲ್ಲಿ ಬೆಲೆಯುಳ್ಳ ಮಾತು. ಸದಸ್ಯರೊಬ್ಬರು ಹಾಕಿದ ಸಂದೇಶಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಾಗುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೂ ಮುರ್ಕಿ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದರೆಂಬುದನ್ನು ಮರೆಯಬಾರದು: ನ್ಯಾಯಾಲಯದಲ್ಲಿ ಉಳಿಯುವ ತೀರ್ಮಾನ ಬೇರೆ, ಗಲಭೆಯ ಮಾರನೆಯ ದಿನ ಠಾಣೆಯಲ್ಲಿ ಆಗುವುದು ಬೇರೆ.

ಗುಂಪು ಸೇರುತ್ತಿದೆ, ಯಾರನ್ನೋ ತಡೆದು ನಿಲ್ಲಿಸಿದ್ದಾರೆ ಎಂಬ ಸುಳಿವು ಸಿಕ್ಕರೆ ಗ್ರೂಪಿನಲ್ಲಿ ಚರ್ಚಿಸುತ್ತಾ ಕೂರದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ ಸ್ಥಳ ತಿಳಿಸಬೇಕು. ಮಗುವೊಂದು ನಿಜಕ್ಕೂ ಅಪಾಯದಲ್ಲಿದೆ ಎನಿಸಿದರೆ 1098 ಮಕ್ಕಳ ಸಹಾಯವಾಣಿಯಿದೆ. ದೂರು ಕೊಡುವ ಸಂದರ್ಭ ಬಂದರೆ ಸಂದೇಶವನ್ನು ಅಳಿಸುವ ಮುನ್ನ ಅದರ ಸ್ಕ್ರೀನ್‌ಶಾಟನ್ನು, ಕಳುಹಿಸಿದ ಸಂಖ್ಯೆ, ಗ್ರೂಪಿನ ಹೆಸರು, ದಿನಾಂಕ, ಸಮಯ ಎಲ್ಲವೂ ಕಾಣುವಂತೆ ತೆಗೆದಿಟ್ಟುಕೊಳ್ಳಬೇಕು. ಅದನ್ನು ಗ್ರೂಪಿಗೆ ಹಾಕದೆ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ಮಾತ್ರ ಸಲ್ಲಿಸಬೇಕು.